ಉಪನೋಂದಣಾಧಿಕಾರಿಗಳ ಕಚೇರಿಯ ಗಣಕಯಂತ್ರಕ್ಕೆ ಡಿಜಿಟಲ್ ವೀಡಿಯೊ ಕ್ಯಾಮೆರಾ: ತಾಂತ್ರಿಕ ವಿವರಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಕ್ರಯಪತ್ರ, ದಾನಪತ್ರ ಮುಂತಾದ ದಸ್ತಾವೇಜುಗಳ ನೋಂದಣಿಗೆ ಬರುವ ಸಾರ್ವಜನಿಕರ ಭಾವಚಿತ್ರವನ್ನು ಗಣಕಯಂತ್ರಕ್ಕೆ ಜೋಡಿಸಿದ ಕ್ಯಾಮೆರಾದಿಂದ ತೆಗೆಯಲಾಗುತ್ತದೆ. ಈ ಸಾಧನದಲ್ಲಿ ಇರಬೇಕಾದ ಗುಣಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ನೋಂದಣಿ ಕಾಯ್ದೆ 1908ಕ್ಕೆ 2001ರ ತಿದ್ದುಪಡಿಯ ಮೂಲಕ 32ಎ ಪ್ರಕರಣವನ್ನು ಸೇರಿಸಲಾಯಿತು. ಇದರಂತೆ ದಸ್ತಾವೇಜನ್ನು ಹಾಜರುಪಡಿಸುವವರ ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯ. ಸ್ಥಿರಾಸ್ತಿಯ ಮಾಲೀಕತ್ವ ವರ್ಗಾವಣೆಯಾಗುವಲ್ಲಿ ಮಾರುವವರು ಮತ್ತು ಕೊಳ್ಳುವವರು ಪ್ರತಿಯೊಬ್ಬರದ್ದೂ ಅವಶ್ಯಕ. ಜಮೀನಿನ ಮಾಲೀಕರು ಊರಿನಲ್ಲಿಲ್ಲದಾಗ ಬೇರೊಬ್ಬರು ಅವರ ಹೆಸರಿನಲ್ಲಿ ಸಹಿ ಹಾಕಿದರೆ, ಹಲವು ವರ್ಷಗಳ ನಂತರ ಸತ್ಯವನ್ನು ತೋರಿಸಲು ನೆರವಾಗುವುದು ಈ ಚಿತ್ರ ಹಾಗೂ ಬೆರಳಚ್ಚು. ಇಂತಹ ವಂಚನೆಗೆ 82ನೇ ಪ್ರಕರಣದಡಿ 7 ವರ್ಷಗಳವರೆಗೆ ಕಾರಾಗೃಹವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಚಿತ್ರವು ಮಸುಕಾಗಿದ್ದಲ್ಲಿ ಈ ರಕ್ಷಣೆ ದುರ್ಬಲವಾಗುತ್ತದೆ.

ತಾಂತ್ರಿಕ ಗುಣಗಳು

1. ಚಿತ್ರದ ಸ್ಪಷ್ಟತೆ: 640 x 480 ಅಳತೆಯ ಚಿತ್ರದಲ್ಲಿ 3,07,200 ಪಿಕ್ಸೆಲ್‌ಗಳಿರುತ್ತವೆ. ಇದನ್ನು 45 ಮಿ.ಮೀ. ಎತ್ತರದ ಭಾವಚಿತ್ರವಾಗಿ ಮುದ್ರಿಸಿದರೆ ಪ್ರತಿ ಅಂಗುಲಕ್ಕೆ ಸುಮಾರು 270 ಬಿಂದುಗಳು ದೊರೆಯುತ್ತವೆ. 1280 x 720 ಅಳತೆಯಲ್ಲಿ ಇದು ಸುಮಾರು 400 ಆಗುವುದರಿಂದ ಮುಖಚಹರೆಯನ್ನು ಹಿಗ್ಗಿಸಿ ಹೋಲಿಸಲು ಅನುಕೂಲ.

2. ಸಂಪರ್ಕ: ಪ್ರತಿ ಪಿಕ್ಸೆಲ್‌ಗೆ 3 ಬೈಟ್‌ನಂತೆ, ಸೆಕೆಂಡಿಗೆ 30 ಚೌಕಟ್ಟುಗಳ 640 x 480 ವೀಡಿಯೊಗೆ ಸುಮಾರು 221 ಮೆಗಾಬಿಟ್ ವೇಗ ಬೇಕು. ಹಳೆಯ ಯು.ಎಸ್.ಬಿ. 1.1ರ ಮಿತಿ 12 ಮೆಗಾಬಿಟ್ ಮಾತ್ರ, ಯು.ಎಸ್.ಬಿ. 2.0ರದ್ದು 480. 1280 x 720ಕ್ಕೆ ಸುಮಾರು 664 ಮೆಗಾಬಿಟ್ ಬೇಕಾಗುವುದರಿಂದ ಕ್ಯಾಮೆರಾದಲ್ಲಿಯೇ ಚಿತ್ರವನ್ನು ಸಂಕುಚಿತಗೊಳಿಸುವ ವ್ಯವಸ್ಥೆ ಇರಬೇಕು. ಸಂಕೋಚನ ಅತಿಯಾದರೆ ಮುಖದ ಮಚ್ಚೆ, ಗಾಯದ ಗುರುತುಗಳು ಅಳಿಸಿಹೋಗುತ್ತವೆ.

3. ಕೇಬಲ್ ಮತ್ತು ವಿದ್ಯುತ್: ಯು.ಎಸ್.ಬಿ. 2.0 ಕೇಬಲ್‌ನ ಉದ್ದ 5 ಮೀಟರ್ ಮೀರಬಾರದು. ವಿದ್ಯುತ್ತು ಇದೇ ಕೇಬಲ್‌ನಿಂದ ಪೂರೈಕೆಯಾಗುತ್ತದೆ. ಆದ್ದರಿಂದ ವಿದ್ಯುತ್ ಕಡಿತವಾದಾಗ ಗಣಕಯಂತ್ರವು ಯು.ಪಿ.ಎಸ್. ಮೇಲೆ ನಡೆಯುತ್ತಿದ್ದರೆ ಕ್ಯಾಮೆರಾವೂ ಕಾರ್ಯನಿರ್ವಹಿಸುತ್ತದೆ.

4. ಬೆಳಕು: ನಮ್ಮ ದೇಶದ ವಿದ್ಯುತ್ ಆವರ್ತನ 50 ಹರ್ಟ್ಸ್. ಕ್ಯಾಮೆರಾವನ್ನು 60 ಹರ್ಟ್ಸ್‌ಗೆ ಹೊಂದಿಸಿದ್ದರೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಮೂಡಬಹುದು. ಕುಳಿತವರ ಹಿಂದೆ ಕಿಟಕಿ ಇದ್ದಲ್ಲಿ ಮುಖ ಕಪ್ಪಾಗುತ್ತದೆ; ಎಷ್ಟೇ ಬೆಲೆಯ ಕ್ಯಾಮೆರಾ ಕೊಂಡರೂ ಈ ದೋಷ ಪೂರ್ಣವಾಗಿ ನಿವಾರಣೆಯಾಗದು. ಆಸನದ ದಿಕ್ಕು ಬದಲಿಸುವುದು ಖರ್ಚಿಲ್ಲದ ಪರಿಹಾರ.

ಸಾರ್ವಜನಿಕರ ಗಮನಕ್ಕೆ

2023ರಲ್ಲಿ ಜಾರಿಗೆ ಬಂದ ಕಾವೇರಿ-2.0 ತಂತ್ರಾಂಶದಲ್ಲಿ ದಸ್ತಾವೇಜಿನ ವಿವರಗಳನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಸಲ್ಲಿಸಬಹುದಾಗಿದೆ. ಆದಾಗ್ಯೂ ಕಚೇರಿಯಲ್ಲಿ ಭಾವಚಿತ್ರ ನೀಡುವಾಗ ಟೋಪಿ, ಬಣ್ಣದ ಕನ್ನಡಕ ತೆಗೆದು, ಮುಖ ಪೂರ್ಣವಾಗಿ ಕಾಣುವಂತೆ ಕುಳಿತುಕೊಳ್ಳುವುದು. ಪರದೆಯ ಮೇಲೆ ಮೂಡಿದ ಚಿತ್ರ ಅಸ್ಪಷ್ಟವಾಗಿದ್ದಲ್ಲಿ ಮತ್ತೊಮ್ಮೆ ತೆಗೆಯುವಂತೆ ಆಗಲೇ ಕೇಳುವುದು. ನೋಂದಣಿ ಪೂರ್ಣಗೊಂಡ ನಂತರ ತಮ್ಮ ಪ್ರತಿಯಲ್ಲಿ ಮಾರಿದವರ ಹಾಗೂ ಕೊಂಡವರ ಚಿತ್ರಗಳು ಆಯಾ ಹೆಸರಿನ ಎದುರಿಗೇ ಇವೆಯೇ ಎಂದು ಪರಿಶೀಲಿಸಿಕೊಳ್ಳಲು ಕೋರಲಾಗಿದೆ.