ಸೀರಿಯಲ್ ಕಲಿಸಿದ ಕೊರಿಯನ್

ಬೆಂಗಳೂರು–ಹೈದರಾಬಾದ್ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿ ಆಂಧ್ರದೊಳಗೆ ಸ್ವಲ್ಪ ದೂರ ಹೋದರೆ ಪೆನುಕೊಂಡ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು. ಈಗ ಈ ಭಾಗದ ಹೆಸರು ಕೇಳಿಬರುವುದು ಕೋಟೆಯಿಂದಲ್ಲ, ಕಾರಿನಿಂದ. 2019ರಲ್ಲಿ ಕಿಯಾ ಕಾರ್ಖಾನೆ ಶುರುವಾದ ಮೇಲೆ ಬಿಡಿಭಾಗ ಪೂರೈಸುವ ಕೊರಿಯನ್ ಕಂಪನಿಗಳು ಬಂದವು, ಅವುಗಳ ಹಿಂದೆ ಕೊರಿಯನ್ ಊಟದ ಹೋಟೆಲುಗಳು ಬಂದವು. ರಸ್ತೆ ಬದಿಯಲ್ಲಿ ತೆಲುಗಿನ ಪಕ್ಕದಲ್ಲೇ ಕೊರಿಯನ್ ಲಿಪಿಯ ಬೋರ್ಡು ಕಾಣುತ್ತದೆ.

ಅಂಥದ್ದೊಂದು ಹೋಟೆಲಿನಲ್ಲಿ ಕೂತಿದ್ದಾಗ ಪಕ್ಕದ ಮೇಜಿನ ಮಾತು ಕಿವಿಗೆ ಬಿತ್ತು. ಐವತ್ತರ ಆಸುಪಾಸಿನ ಕೊರಿಯನ್ ಮ್ಯಾನೇಜರ್ ಒಬ್ಬರು ಏನನ್ನೋ ಬೇಸರದಿಂದ ವಿವರಿಸುತ್ತಿದ್ದರು. ಎದುರಿಗೆ ಕೂತ ಯುವತಿ ಅದನ್ನು ಪೂರ್ತಿ ಕೇಳಿಸಿಕೊಂಡು, ಜತೆಯಲ್ಲಿದ್ದ ಎಲೆಕ್ಟ್ರಿಷಿಯನ್‌ಗೆ ತೆಲುಗಿನಲ್ಲಿ ತಿಳಿಸಿದಳು. ಅವನು ಹೇಳಿದ್ದನ್ನು ಮತ್ತೆ ಕೊರಿಯನ್‌ನಲ್ಲಿ ಇವರಿಗೆ ದಾಟಿಸಿದಳು. ಎಲ್ಲಿಯೂ ತಡವರಿಸಲಿಲ್ಲ. ಅಷ್ಟರಲ್ಲಿ ಅವಳಿಗೆ ಫೋನು ಬಂತು. ‘ಹೂಂ ಅಮ್ಮ, ಊಟ ಮಾಡ್ತಾ ಇದೀನಿ, ಆಮೇಲ್ ಮಾಡ್ತೀನಿ’ ಎಂದಳು. ಅಪ್ಪಟ ಕನ್ನಡ!

ಪಾವಗಡ ತಾಲ್ಲೂಕಿನ ಹುಡುಗಿ. ಬಿ.ಕಾಂ. ಓದಿದ್ದಾಳೆ. ‘ಕೊರಿಯನ್ ಯಾವ ಕಾಲೇಜಿನಲ್ಲಿ ಕಲಿತೆಯಮ್ಮ?’ ಎಂದು ಕೇಳಿದೆ. ‘ಕಾಲೇಜಲ್ಲ ಸರ್, ಸೀರಿಯಲ್ಲು’ ಎಂದಳು. ತಮಾಷೆಗೆ ಹೇಳಿದ್ದಲ್ಲ. 2020ರ ಲಾಕ್‌ಡೌನಿನಲ್ಲಿ ಕಾಲೇಜು ಮುಚ್ಚಿ, ಕೈಯಲ್ಲಿ ಮೊಬೈಲು ಮಾತ್ರ ಇದ್ದ ದಿನಗಳಲ್ಲಿ ಶುರುವಾದದ್ದು. ಗಡಿ ಊರಿನವಳಾದ್ದರಿಂದ ತೆಲುಗು ಬೀದಿಯಲ್ಲೇ ಬಂದಿತ್ತು. ಹಿಂದಿಯನ್ನು ಚಿಕ್ಕಂದಿನಲ್ಲಿ ಟಿ.ವಿ. ಕಾರ್ಟೂನು ಕಲಿಸಿತ್ತು. ನೋಡುತ್ತಾ ನೋಡುತ್ತಾ ಭಾಷೆ ಬರುತ್ತದೆ ಅನ್ನುವುದು ಅವಳಿಗೆ ಹೊಸ ವಿಷಯವೇ ಆಗಿರಲಿಲ್ಲ.

ಬ್ಯಾಗಿನಿಂದ ಒಂದು ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತೆಗೆದು ತೋರಿಸಿದಳು. ಅದನ್ನು ನೋಡಿದ ಸಂತೋಷ ನನಗೆ ಇನ್ನೂ ಇಳಿದಿಲ್ಲ. ಪ್ರತಿ ಪುಟಕ್ಕೂ ಮೂರು ಕಾಲಂ. ಎಡಗಡೆ ಕೊರಿಯನ್ ಲಿಪಿಯಲ್ಲಿ ಸಂಭಾಷಣೆ, ಮಧ್ಯೆ ಅದರ ಉಚ್ಚಾರಣೆ ಕನ್ನಡ ಅಕ್ಷರದಲ್ಲಿ, ಬಲಗಡೆ ಅರ್ಥ. ಅರ್ಥ ಇಂಗ್ಲಿಷಿನಲ್ಲಿಲ್ಲ, ಪಾವಗಡದ ಆಡುಗನ್ನಡದಲ್ಲಿದೆ. ಕೊರಿಯನ್‌ನಲ್ಲಿ ಕಕಾರದ ಜಾತಿಯ ಧ್ವನಿಗಳು ಮೂರು. ಸಡಿಲವಾದದ್ದಕ್ಕೆ ಕ, ಉಸಿರು ಸೇರಿದ್ದಕ್ಕೆ ಖ, ಗಂಟಲು ಬಿಗಿದದ್ದಕ್ಕೆ ಕ್ಕ ಎಂದು ಬರೆದುಕೊಂಡಿದ್ದಾಳೆ. ಕೊನೆಯದು ಕನ್ನಡದಲ್ಲಿ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಅದರ ಕೆಳಗೆ ಕೆಂಪು ಗೆರೆ. ಕೊರಿಯನ್ ಲಿಪಿ ಕಲಿಯಲು ಅವಳಿಗೆ ಹೆಚ್ಚು ದಿನ ಬೇಕಾಗಲಿಲ್ಲ. 1446ರಲ್ಲಿ ಸೆಜೊಂಗ್ ದೊರೆ ಜನಸಾಮಾನ್ಯರಿಗಾಗಿ ಸಾರಿದ ಈ ಲಿಪಿಯಲ್ಲಿ ಇಂದು ಮೂಲ ಅಕ್ಷರಗಳು 24. ಗುಣಿತ, ಒತ್ತಕ್ಷರ ಬಲ್ಲ ನಮ್ಮ ಮಕ್ಕಳಿಗೆ ಅಕ್ಷರಗಳನ್ನು ಸೇರಿಸಿ ಒಂದು ಗುಂಪಾಗಿ ಬರೆಯುವ ಪದ್ಧತಿ ಕಷ್ಟವಲ್ಲ.

ಅವಳ ಕ್ರಮ ಹೀಗೆ: ಮೊದಲು ಇಡೀ ಕಂತನ್ನು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಕಥೆಗಾಗಿ ನೋಡುವುದು. ಆಮೇಲೆ ಎರಡು ನಿಮಿಷದ ಒಂದೇ ದೃಶ್ಯವನ್ನು ಕೊರಿಯನ್ ಸಬ್‌ಟೈಟಲ್‌ನೊಂದಿಗೆ ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳುವುದು. ಕೊನೆಗೆ ಸಬ್‌ಟೈಟಲ್ ತೆಗೆದು, ನಟರ ಜತೆಜತೆಗೇ ಅದೇ ಏರಿಳಿತದಲ್ಲಿ ಹೇಳುವುದು. ಕೊರಿಯಾದ ಹಾಡುಗಾರರ ತಂಡ ಬಿಟಿಎಸ್‌ನ ಆರ್‌ಎಂ ಇಂಗ್ಲಿಷ್ ಕಲಿತ ದಾರಿಯೂ ಬಹುಪಾಲು ಇದೇ. ಅಮ್ಮ ಕೊಡಿಸಿದ ‘ಫ್ರೆಂಡ್ಸ್’ ಧಾರಾವಾಹಿಯ ಡಿವಿಡಿಗಳನ್ನು ಮೊದಲು ಕೊರಿಯನ್ ಸಬ್‌ಟೈಟಲ್ ಜತೆ, ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಜತೆ, ಕೊನೆಗೆ ಯಾವುದೂ ಇಲ್ಲದೆ ನೋಡಿದ್ದಾಗಿ ಆತ ಹೇಳಿದ್ದಾನೆ. 2018ರಲ್ಲಿ ವಿಶ್ವಸಂಸ್ಥೆಯಲ್ಲಿ ಇಂಗ್ಲಿಷಿನಲ್ಲೇ ಭಾಷಣ ಮಾಡಿದ. ಒಬ್ಬ ಸೋಲ್ ಕಡೆಯಿಂದ ಹೊರಟ, ಇನ್ನೊಬ್ಬಳು ಪಾವಗಡದಿಂದ. ದಾರಿ ಮಾತ್ರ ಒಂದೇ.

ಅವಳಿಗೆ ಅನ್ನ ಕೊಟ್ಟ ಸೀರಿಯಲ್ಲು ಪ್ರೇಮಕಥೆಯಲ್ಲ, ‘ಮಿಸೆಂಗ್’. ಯೂನ್ ತೇಹೋ ಅವರ ವೆಬ್‌ಟೂನ್ ಆಧರಿಸಿ 2014ರಲ್ಲಿ ಬಂದ 20 ಕಂತುಗಳ ಆಫೀಸು ಕಥೆ. ಪದವಿಯಿಲ್ಲದ ಹುಡುಗನೊಬ್ಬ ದೊಡ್ಡ ವ್ಯಾಪಾರಿ ಕಂಪನಿಗೆ ಇಂಟರ್ನ್ ಆಗಿ ಸೇರಿ ಒದ್ದಾಡುವುದೇ ವಸ್ತು. ಫೋನ್ ಎತ್ತುವುದು, ತಡವಾದ ವರದಿಗೆ ಕ್ಷಮೆ ಕೇಳುವುದು, ಮೇಲಧಿಕಾರಿಗೆ ‘ಆಗೋದಿಲ್ಲ’ ಎಂಬುದನ್ನು ನಯವಾಗಿ ಹೇಳುವುದು ಎಲ್ಲವೂ ಅದರಲ್ಲಿದೆ. ಕಾರ್ಖಾನೆಯ ಆಫೀಸಿಗೆ ಬೇಕಾದದ್ದು ಅದೇ.

ಕೊರಿಯನ್ ಕನ್ನಡಿಗರಿಗೆ ಅಷ್ಟೇನೂ ಪರಕೀಯವಲ್ಲ ಎಂದು ನನಗೆ ಮನದಟ್ಟಾದದ್ದು ಆ ನೋಟ್‌ಬುಕ್ಕಿನಿಂದಲೇ. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ನಮ್ಮ ವಿಭಕ್ತಿಗಳ ಹಾಗೆ ಅಲ್ಲೂ ಪ್ರತ್ಯಯಗಳು ನಾಮಪದದ ಹಿಂದೆ ಅಂಟುತ್ತವೆ. ಕೊರಿಯಾದಲ್ಲಿ ನೆಲೆಸಿದ್ದ ಅಮೆರಿಕನ್ ಮಿಷನರಿ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣ ಹೋಲಿಸಿ ಪುಸ್ತಕ ಬರೆದಿದ್ದ. ಎರಡೂ ಒಂದೇ ಕುಟುಂಬ ಎಂಬ ಅವನ ವಾದವನ್ನು ಇಂದಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಕಲಿಯುವವರಿಗೆ ಆ ಹೋಲಿಕೆಯ ಲಾಭ ನಿಜ. ಇಂಗ್ಲಿಷ್ ಮೂಲಕ ಸುತ್ತಿಕೊಂಡು ಹೋಗುವ ಬದಲು ಕನ್ನಡದಿಂದ ನೇರವಾಗಿ ಹೋದರೆ ವಾಕ್ಯ ತಲೆಕೆಳಗಾಗುವುದಿಲ್ಲ.

ಲಾಭ ಅದಕ್ಕಿಂತ ದೊಡ್ಡದಾಗಿರುವುದು ಏಕವಚನ, ಬಹುವಚನದಲ್ಲಿ. ಕೊರಿಯನ್‌ನಲ್ಲಿ ಎದುರಿಗಿರುವವರ ವಯಸ್ಸು, ಹುದ್ದೆ, ಸಲಿಗೆ ನೋಡಿಕೊಂಡು ಕ್ರಿಯಾಪದದ ಬಾಲ ಬದಲಾಗುತ್ತದೆ. ನಮ್ಮ ಹಾಗೆಯೇ ಅವರೂ ಕುಶಲ ವಿಚಾರಿಸುವಾಗ ಊಟ ಆಯ್ತೇ ಎಂದು ಕೇಳುತ್ತಾರೆ. ಗೆಳೆಯನಿಗಾದರೆ ‘ಬಾಪ್ ಮೊಗೊಸ್ಸೊ?’ ಹಿರಿಯರಿಗೆ ‘ಶಿಕ್ಸಾ ಹಶ್ಯೊಸ್ಸೊಯೊ?’ ಊಟ ಎಂಬ ಪದವೇ ಬದಲಾಯಿತು ನೋಡಿ. ಧಾರಾವಾಹಿಗಳಲ್ಲಿ ಇಬ್ಬರು ‘ಇನ್ನು ಬಹುವಚನ ಬೇಡ’ ಎಂದು ಒಪ್ಪಿಕೊಳ್ಳುವ ಘಳಿಗೆ ಕಥೆಯ ದೊಡ್ಡ ತಿರುವು. ಅಥವಾ ಜಗಳದ ನಡುವೆ ಒಬ್ಬ ಸಟ್ಟನೆ ಏಕವಚನಕ್ಕಿಳಿಯುತ್ತಾನೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ, ಎಲ್ಲರೂ ಎಲ್ಲರಿಗೂ ‘ಯೂ’. ಅಣ್ಣ, ಅಕ್ಕ ಎಂದು ಕರೆದ ಕಡೆಯೂ ಬರೀ ಹೆಸರು ಹಾಕಿಬಿಡುತ್ತಾರೆ. ಕನ್ನಡ ಕಿವಿ ಮಾತ್ರ ಅದನ್ನು ಥಟ್ಟನೆ ಹಿಡಿಯುತ್ತದೆ.

ಹಿಡಿದದ್ದನ್ನು ಎಲ್ಲಿ ಬಳಸಬೇಕು ಎಂಬುದನ್ನು ಮಾತ್ರ ಪರದೆ ಹೇಳಿಕೊಡುವುದಿಲ್ಲ. ಕೊರಿಯಾದ ಐತಿಹಾಸಿಕ ಧಾರಾವಾಹಿಗಳು ನನಗೆ ಬಹಳ ಪ್ರಿಯ. ಅರಮನೆ ಅಡುಗೆಮನೆಯ ಹುಡುಗಿ ರಾಜವೈದ್ಯೆಯಾಗುವ ‘ತೇ ಜಾಂಗ್ ಗುಮ್’ ಹಿಂದಿಗೆ ಡಬ್ ಆಗಿ ದೂರದರ್ಶನದಲ್ಲೂ ಬಂದಿತ್ತು. ಅವುಗಳಲ್ಲಿ ದೊರೆಯನ್ನು ‘ಜೊನ್ಹಾ’ ಎಂದು ಕರೆಯುತ್ತಾರೆ, ಕ್ರಿಯಾಪದಗಳಿಗೆ ಈಗ ದಿನನಿತ್ಯದ ಮಾತಿನಲ್ಲಿ ಬಳಸದ ವಿನಯದ ಪ್ರತ್ಯಯಗಳನ್ನು ಹಚ್ಚುತ್ತಾರೆ. ದೊರೆ ಏನಾದರೂ ದಯಪಾಲಿಸಿದರೆ ನೆಲಕ್ಕೆ ತಲೆ ಹಚ್ಚಿ ‘ಸೊಂಗುನಿ ಮಾಂಗುಕ್‌ಹಾಓಮ್ನಿದಾ’ ಎನ್ನುತ್ತಾರೆ. ತಮ್ಮ ಕೃಪೆಗೆ ಎಣೆಯಿಲ್ಲ ಎಂದು ಅರ್ಥ. ಈ ಹುಡುಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹಬ್ಬಕ್ಕೆ ರಜೆ ಕೊಟ್ಟ ಮ್ಯಾನೇಜರಿಗೆ ಇದನ್ನೇ ಹೇಳಿದಳಂತೆ. ‘ಬಬ್ರುವಾಹನ’ ನೋಡಿ ಕನ್ನಡ ಕಲಿತವರು ಬಿಎಂಟಿಸಿ ಕಂಡಕ್ಟರನ್ನು ಮಹಾಪ್ರಭು ಎಂದು ಕರೆದರೆ ಹೇಗಿರುತ್ತದೋ ಹಾಗೆ. ಮ್ಯಾನೇಜರು ಮನಸಾರೆ ನಕ್ಕರು. ಆಫೀಸಿನವರು ಕೆಲವು ದಿನ ಅವರನ್ನು ‘ಜೊನ್ಹಾ’ ಎಂದೇ ಕರೆದರು. ಆಮೇಲೆ ಅವರೇ ಅವಳನ್ನು ಕೂರಿಸಿಕೊಂಡು ಯಾರಿಗೆ ಯಾವ ಮಾತು ಎಂದು ಹೇಳಿಕೊಟ್ಟರು. ಸೀರಿಯಲ್ಲು ತಂದು ನಿಲ್ಲಿಸಿದ ಬಾಗಿಲಿನಿಂದ ಒಳಗೆ ಕರೆದುಕೊಂಡದ್ದು ಮನುಷ್ಯ.

ಸಂಶೋಧನೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 9 ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಮಕ್ಕಳು ಆ ಧ್ವನಿಗಳನ್ನು ಗುರುತಿಸಲು ಕಲಿತವು, ಅದನ್ನೇ ಟಿ.ವಿ.ಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ಕೂಸಿನ ಮುಂದೆ ಮೊಬೈಲು ಇಟ್ಟು ಇಂಗ್ಲಿಷ್ ಬರಲಿ ಎಂದು ಕಾಯುವ ಅಪ್ಪ–ಅಮ್ಮಂದಿರು ಇದನ್ನು ಗಮನಿಸಬೇಕು. ದೊಡ್ಡವರ ಕಥೆ ಬೇರೆ. 2009ರಲ್ಲಿ ಹೋಲ್ಗರ್ ಮಿಟರರ್ ಮತ್ತು ಜೇಮ್ಸ್ ಮೆಕ್‌ಕ್ವೀನ್, ಇಂಗ್ಲಿಷ್ ಬಲ್ಲ ಡಚ್ಚರಿಗೆ ಸ್ಕಾಟ್ಲೆಂಡ್ ಮತ್ತು ಆಸ್ಟ್ರೇಲಿಯಾದ ಉಚ್ಚಾರಣೆಯ ದೃಶ್ಯಗಳನ್ನು 25 ನಿಮಿಷ ತೋರಿಸಿ ಪರೀಕ್ಷಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಓದಿದವರ ಕಿವಿ ಆ ಉಚ್ಚಾರಣೆಗೆ ಬೇಗ ಹೊಂದಿಕೊಂಡಿತು. ಡಚ್ ಸಬ್‌ಟೈಟಲ್ ಅದಕ್ಕೆ ಅಡ್ಡಿಯಾಯಿತು. ಅಂದರೆ ಕೇಳುವ ಭಾಷೆಯನ್ನೇ ಓದಬೇಕು. ಪಾವಗಡದ ನೋಟ್‌ಬುಕ್ಕಿನ ಎಡಗಡೆ ಕಾಲಂ ಮಾಡಿದ ಕೆಲಸ ಇದೇ.

ನಮ್ಮ ದೇಶದಲ್ಲಿ ಇದಕ್ಕೆ ಒಂದು ಸೊಗಸಾದ ಇತಿಹಾಸವಿದೆ. 1996ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಬ್ರಿಜ್ ಕೊಠಾರಿ, ಸ್ಪ್ಯಾನಿಷ್ ಕಲಿಯಲೆಂದು ಗೆಳೆಯರ ಜತೆ ಸ್ಪ್ಯಾನಿಷ್ ಸಿನಿಮಾ ನೋಡುತ್ತಿದ್ದರು. ಸಬ್‌ಟೈಟಲ್ಲೂ ಸ್ಪ್ಯಾನಿಷ್‌ನಲ್ಲೇ ಇದ್ದಿದ್ದರೆ ಎನಿಸಿತು. ಹಾಗೆಯೇ ಹಿಂದಿ ಹಾಡಿಗೆ ಹಿಂದಿ ಅಕ್ಷರ ಹಾಕಿದರೆ ಜನ ಓದು ಕಲಿತಾರು ಎಂಬ ವಿಚಾರ ಹೊಳೆಯಿತು. ಅದು ಗುಜರಾತಿನ ದೂರದರ್ಶನದಲ್ಲಿ ಮೊದಲಾಗಿ ಹಿಂದಿ ಚಿತ್ರಗೀತೆಗಳ ‘ಚಿತ್ರಹಾರ್’ ಕಾರ್ಯಕ್ರಮದ ತನಕ ಬಂತು.

ಪಾವಗಡದ ಹುಡುಗಿ ಈಗ ಟೋಪಿಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಕೊರಿಯನ್ ಪ್ರಾವೀಣ್ಯಕ್ಕೆ ಅದೇ ಅಳತೆ, ಒಟ್ಟು 6 ಹಂತ. ಮೊದಲ ಎರಡು ಹಂತಗಳ ಪರೀಕ್ಷೆಯಲ್ಲಿ ಕೇಳುವುದು ಮತ್ತು ಓದುವುದು ಮಾತ್ರ. ಮೂರರಿಂದ ಮೇಲೆ ಬರವಣಿಗೆಯೂ ಇದೆ. ‘ಬರೆಯೋದಕ್ಕೆ ಸೀರಿಯಲ್ಲು ಸಾಲಲ್ಲ ಸರ್’ ಎಂದು ಆನ್‌ಲೈನ್ ಕ್ಲಾಸಿಗೆ ಸೇರಿದ್ದಾಳೆ. ನೋಡಿ ಕಲಿಯುವುದು ಸೋಮಾರಿಗಳ ಹಾದಿ ಎನ್ನುವವರು ಅವಳ ನೋಟ್‌ಬುಕ್ಕನ್ನು ಒಮ್ಮೆ ತಿರುವಿ ಹಾಕಬೇಕು. ಅದರಷ್ಟು ಶ್ರದ್ಧೆಯ ಹೋಂವರ್ಕನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ.

ಇಷ್ಟು ನೋಡಿದ ಮೇಲೆ ನನ್ನದೊಂದು ಬೇಡಿಕೆ. ಬೆಂಗಳೂರಿಗೆ ಬಂದು ನೆಲೆಸಿರುವ ಲಕ್ಷಾಂತರ ಜನಕ್ಕೆ ಕನ್ನಡ ಬರುವುದಿಲ್ಲ ಎಂದು ದೂರುತ್ತೇವೆ. ಆದರೆ ಓಟಿಟಿಯಲ್ಲಿರುವ ನಮ್ಮ ಎಷ್ಟೋ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಇದೆ, ಕನ್ನಡದ್ದು ಇಲ್ಲ. ನಿರ್ಮಾಪಕರೇ, ವಾಹಿನಿಗಳವರೇ, ಕನ್ನಡ ಸಿನಿಮಾಕ್ಕೆ, ಕನ್ನಡ ಧಾರಾವಾಹಿಗೆ ಕನ್ನಡ ಅಕ್ಷರದಲ್ಲೇ ಸಬ್‌ಟೈಟಲ್ ಕೊಡಿ. ಸಂಭಾಷಣೆ ಬರೆದ ಹಾಳೆ ನಿಮ್ಮ ಬಳಿ ಈಗಾಗಲೇ ಇದೆ. ಕಲಿಯುವ ಮನಸ್ಸಿರುವವರು ನಮ್ಮ ಊರುಗಳಲ್ಲೂ ನೋಟ್‌ಬುಕ್ ಹಿಡಿದು ಕೂತಾರು.