ತೋಳಿಗೆ ತೊಡಿಸುವ ಸ್ನಾಯು

ಕೃತಕ ಸ್ನಾಯುವಿನ ಮೆದು ರೋಬೋಟ್ ಎಂದರೆ ಅಂಗಿಯ ಹಾಗೆ ತೊಟ್ಟುಕೊಳ್ಳುವ, ಬಲಗುಂದಿದ ತೋಳನ್ನು ಎತ್ತಲು, ಮಡಿಸಲು ನೆರವಾಗುವ ಸಾಧನ. ಇದಕ್ಕೆ ಲೋಹದ ಚೌಕಟ್ಟಿಲ್ಲ. ಬಿಗಿ ಚೌಕಟ್ಟಿನ ಯಂತ್ರದ ಕೀಲು ದೇಹದ ಕೀಲಿಗೆ ಹೊಂದದಿದ್ದರೆ ನೋವಾಗುತ್ತದೆ. ಎಲ್ಲ ದಿಕ್ಕಿಗೂ ತಿರುಗುವ ಭುಜಕ್ಕೆ ಅದನ್ನು ಹೊಂದಿಸುವುದಂತೂ ಬಲು ಕಷ್ಟ. ಬಟ್ಟೆ ಮೈಯೊಂದಿಗೆ ತಾನೂ ಬಾಗುತ್ತದೆ.

ಹಳೆಯ ಬಗೆ ಗಾಳಿಯದು. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬೆನ್ ಪೋಲಿಯೊದಿಂದ ಕೈಯ ಬಲ ಕಳೆದುಕೊಂಡ ಮಗಳಿಗಾಗಿ ಇಂಥ ಸ್ನಾಯುವೊಂದನ್ನು ರೂಪಿಸಿದರು. ರಬ್ಬರ್ ಕೊಳವೆಯ ಮೇಲೆ ಜಡೆಯಂತೆ ಹೆಣೆದ ಕವಚ. ಗಾಳಿ ತುಂಬಿದಾಗ ಅದು ಅಡ್ಡಕ್ಕೆ ಉಬ್ಬಿ ಉದ್ದದಲ್ಲಿ ಗಿಡ್ಡವಾಗಿ ಎಳೆಯುತ್ತದೆ. 2023ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕಂಕುಳಲ್ಲಿ ಉಬ್ಬುವ ಬಟ್ಟೆಯ ಗಾಳಿಚೀಲವನ್ನು, ನರಗಳು ಕ್ಷೀಣಿಸುವ ಎಎಲ್‌ಎಸ್ ಕಾಯಿಲೆಯ 10 ಮಂದಿಗೆ ತೊಡಿಸಿ ಪರೀಕ್ಷಿಸಿದ ವಿವರ ಪ್ರಕಟವಾಯಿತು.

ಇನ್ನೊಂದು ಬಗೆ ನಿಕ್ಕೆಲ್-ಟೈಟಾನಿಯಂ ತಂತಿಯದು. ಕಾಯಿಸಿದರೆ ಕುಗ್ಗುತ್ತದೆ, ಆರಿದರೆ ಸಡಿಲವಾಗುತ್ತದೆ. ದಕ್ಷಿಣ ಕೊರಿಯಾದ ಯಂತ್ರ ಮತ್ತು ಸಾಮಗ್ರಿ ಸಂಶೋಧನಾ ಸಂಸ್ಥೆ ಕೂದಲಿಗಿಂತ ತೆಳುವಾದ ಇಂಥ ತಂತಿಯನ್ನು ಸುರುಳಿ ನೂಲಾಗಿಸಿ ಬಟ್ಟೆ ನೇಯ್ದಿದೆ. ಸುಮಾರು 10 ಗ್ರಾಂ ತೂಕದ ಈ ಬಟ್ಟೆ 10 ಕೆ.ಜಿ. ಭಾರ ಎತ್ತಬಲ್ಲದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಕೆಲಸ ನಡೆದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿನ ಭೌತಶಾಸ್ತ್ರ ವಿಭಾಗದ ಅವೀಕ್ ಬಿದ್ ಅವರ ತಂಡ ಪಾರ್ಶ್ವವಾಯು ಪೀಡಿತರಿಗಾಗಿ 3ಡಿ ಮುದ್ರಣದ ಮೆದು ಕೈಗವಸನ್ನು 2022ರಲ್ಲಿ ಪರಿಚಯಿಸಿತು. ಪಾರದರ್ಶಕ ರಬ್ಬರಿನೊಳಗೆ ಹಾಯುವ ಬೆಳಕು, ಬೆರಳು ಬಾಗಿದಂತೆ ಬದಲಾಗುತ್ತದೆ. ಚಲನೆ ಎಷ್ಟಾಯಿತೆಂದು ಅದರಿಂದಲೇ ತಿಳಿಯುತ್ತದೆ. ಮನೆಯಲ್ಲಿರುವ ರೋಗಿಯ ವ್ಯಾಯಾಮವನ್ನು ದೂರದ ತಜ್ಞರು ನೋಡಿಕೊಳ್ಳಲು ಸಾಧ್ಯವಾಗಲಿ ಎಂಬುದು ಇದರ ಉದ್ದೇಶ.

ಬಳ್ಳಾರಿ ಜಿಲ್ಲೆಗೆ ಮುಖ್ಯವಾಗುವುದು ಇದೇ ಅಂಶ. ಲಕ್ವ ಹೊಡೆದ ಕೈ ಮತ್ತೆ ಪಳಗಬೇಕಾದರೆ ದಿನವೂ, ತಿಂಗಳುಗಟ್ಟಲೆ ಆಡಿಸುತ್ತಿರಬೇಕು. ಸಿರುಗುಪ್ಪದ ಭತ್ತದ ಗದ್ದೆಯಲ್ಲೋ ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲೋ ದುಡಿಯುವವರು ಅದಕ್ಕಾಗಿ ನಿತ್ಯ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರಲಾರರು. ರೋಗಿಯ ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲರ ಭುಜಕ್ಕೂ ಇಂಥ ಆಸರೆ ಬೇಕು.

ಇಲ್ಲಿನ ಬಿಸಿಲನ್ನೂ ಗಮನಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಕಾದ ತಂತಿ ಬೇಗ ಆರುವುದಿಲ್ಲ, ಹಾಗಾಗಿ ಸ್ನಾಯು ನಿಧಾನವಾಗುತ್ತದೆ. ಬೆವರುವ ಮೈಗೆ ಬಿಗಿಯಾದ ತೊಡುಗೆ ಹಿಂಸೆ. ಗಾಳಿಚೀಲದ ಬಗೆಗೆ ಪಂಪು, ಬ್ಯಾಟರಿ ಹೊರುವ ತೊಂದರೆಯಿದ್ದರೂ ಇಲ್ಲಿಗೆ ಅದೇ ಹೆಚ್ಚು ಒಗ್ಗುವಂಥದ್ದು. ಅದರ ಮುಖ್ಯ ಭಾಗ ಹೊಲಿಗೆ. ಮೈಯಳತೆಗೆ ಕತ್ತರಿಸಿ, ದಪ್ಪ ಬಟ್ಟೆಯನ್ನು ಬಿಚ್ಚದಂತೆ ಹೊಲಿಯುವ ಕಸುಬು ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಆಗಲೇ ಇದೆ. ಮುಂದಿನ ಪರೀಕ್ಷೆಗಳು ಹವಾನಿಯಂತ್ರಿತ ಪ್ರಯೋಗಾಲಯಕ್ಕಷ್ಟೇ ಸೀಮಿತವಾಗದೆ ಇಲ್ಲಿನ ಬಿಸಿಲಲ್ಲಿ, ಇಲ್ಲಿನ ರೋಗಿಗಳ ನಡುವೆ, ಇಲ್ಲಿನ ದರ್ಜಿಗಳನ್ನೂ ಸೇರಿಸಿಕೊಂಡು ನಡೆಯಬೇಕು.