ಹೊಗೆ ಹಿಡಿದ ಗೋಡೆಯ ಮೇಲಿನ ಹೂವು

ಮಗಳ ಬಾಣಂತನಕ್ಕೆಂದು 2023ರಲ್ಲಿ ನಾನೂ ನಮ್ಮ ಮನೆಯಾಕೆಯೂ ಪೋಲೆಂಡ್ ದೇಶಕ್ಕೆ ಹೋಗಿದ್ದೆವು. ಅಳಿಯನಿಗೆ ಅಲ್ಲಿನ ಕ್ರಾಕೋ ಪಟ್ಟಣದಲ್ಲಿ ಕಂಪ್ಯೂಟರ್ ಕೆಲಸ. ಏಳನೇ ಕ್ಲಾಸು ಓದಿ, ಮಳೆ ನಂಬಿ ರಾಗಿ ಶೇಂಗಾ ಬೆಳೆಯುವ ನನಗೆ ಅಲ್ಲೇನು ಕೆಲಸ? ಮೂರನೇ ಮಹಡಿಯ ಕಿಟಕಿಯಲ್ಲಿ ಎಷ್ಟೂಂತ ಇಣುಕುವುದು? ನನ್ನ ಪೇಚಾಟ ನೋಡಲಾರದೆ ಅಳಿಯ ಜೂನ್ ಕೊನೆಯಲ್ಲೊಂದು ದಿನ, "ಮಾವ, ನಿಮಗೊಂದು ಹಳ್ಳಿ ತೋರಿಸ್ತೀನಿ" ಅಂತ ಎಲ್ಲರನ್ನೂ ಕಾರು ಹತ್ತಿಸಿದ. ಕೂಸಿಗೆ ಆಗ ಎರಡು ತಿಂಗಳು.

ಊರಿನ ಹೆಸರು ಜಲಿಪ್ಯೆ. ತಾರ್ನೂಫ್ ಎಂಬ ಪಟ್ಟಣದ ಕಡೆ, ವಿಸ್ತುಲಾ ನದಿ ಬಯಲಲ್ಲಿದೆ. ಕಲ್ಲು ಗುಡ್ಡ ಒಂದೂ ಇಲ್ಲ, ತಟ್ಟೆ ಹಾಗೆ ಸಮ ನೆಲ. ಗೋಧಿ, ಆಲೂಗಡ್ಡೆ. ಮನೆಗಳು ನಮ್ಮ ಹಾಗೆ ಒತ್ತೊತ್ತಾಗಿಲ್ಲ, ಅವರವರ ಹೊಲದಲ್ಲಿ ಅವರವರ ಮನೆ. ಹಾಗಾಗಿ ಒಂದು ಚಿತ್ರದ ಮನೆ ನೋಡಿ ಇನ್ನೊಂದಕ್ಕೆ ಹೋಗಲು ಚೆನ್ನಾಗಿಯೇ ನಡೆಯಬೇಕು. ನಡುವೆ ಸಿಗುವುದೆಲ್ಲ ಮಾಮೂಲಿ ಮನೆಗಳೇ. ಊರಿಗೂರೇ ಹೂವಿನಿಂದ ತುಂಬಿರುತ್ತೆ ಅಂದುಕೊಂಡು ಹೋದವರಿಗೆ ನಿರಾಸೆ ಖಂಡಿತ.

ಆದರೆ ಚಿತ್ರ ಬರೆದ ಮನೆ ಎದುರಿಗೆ ಬಂದಾಗ ನಮ್ಮಾಕೆ ನಿಂತಲ್ಲೇ ನಿಂತಳು. ಮರದ ದಿಮ್ಮಿಯ ಗೋಡೆ, ಮೇಲೆ ಸುಣ್ಣ. ಕಿಟಕಿ ಸುತ್ತ, ಬಾಗಿಲ ಪಕ್ಕ ದೊಡ್ಡ ದೊಡ್ಡ ಹೂಗೊಂಚಲು. ಬಾವಿಕಟ್ಟೆಗೂ ಹೂವು, ನಾಯಿಗೂಡಿಗೂ ಹೂವು! ಚರ್ಚಿನ ಒಳಗೋಡೆಗೂ ಬಿಟ್ಟಿಲ್ಲ.

ಇದು ಶುರುವಾದ ಕಥೆ ನನಗೆ ಬಹಳ ಹಿಡಿಸಿತು. ನೂರೈವತ್ತು ವರ್ಷದ ಕೆಳಗೆ ಆ ಮನೆಗಳಿಗೆ ಹೊಗೆಗೂಡೇ ಇರಲಿಲ್ಲವಂತೆ. ಒಲೆಯ ಹೊಗೆ ಮನೆಯೊಳಗೇ ಸುತ್ತಿ, ಮಾಡಿನ ಸಂದಿಯಲ್ಲಿ ಹೊರಗೆ ಹೋಗಬೇಕು. ಗೋಡೆಯೆಲ್ಲ ಮಸಿ. ಹಬ್ಬಕ್ಕೆ ಮುಂಚೆ ಹೆಂಗಸರು ಆ ಕರಿ ಗೋಡೆ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಆಮೇಲೆ ಹೊಗೆಗೂಡು ಬಂತು, ಗೋಡೆ ಬೆಳ್ಳಗಾಯಿತು, ಬೊಟ್ಟು ಇದ್ದಲ್ಲಿ ಹೂವು ಬಂತು. ಹಸುವಿನ ಬಾಲದ ಕೂದಲೇ ಕುಂಚ. ಒಲೆಯ ಮಸಿ, ಮಣ್ಣು, ಸುಣ್ಣ ಬಣ್ಣ. ಅಂಟಿಗೆ ಹಾಲು. ಈಗ ಎಲ್ಲವೂ ಅಂಗಡಿ ಡಬ್ಬಿಯದು.

ಇದನ್ನೆಲ್ಲ ಮಗಳು ಹೇಳುತ್ತಿದ್ದರೆ ನಮ್ಮಾಕೆ, "ನಮ್ಮ ಅಡುಗೆಮನೇಲೂ ಇಲ್ಲಣ ಇಳಿಬಿದ್ದಿರುತ್ತಿತ್ತಲ್ಲ, ನಮ್ಮತ್ತೆ ಅದರ ಮೇಲೇ ಕಾರಣೆ ಎಳೀತಿದ್ರು" ಅಂದಳು. ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದಕ್ಕೆ ನಾವು ಕಾರಣೆ ಅನ್ನುತ್ತೇವೆ. ಇವಳೂ ಎಳೆಯುತ್ತಿದ್ದಳು, ಪಟ್ಟೆ ಮೇಲೆ ಬಳ್ಳಿ, ತೇರು, ನವಿಲು. ಪಕ್ಕದಲ್ಲಿ ಆರ್‌ಸಿಸಿ ಮನೆ ಎದ್ದ ಮೇಲೆ ಬಿಟ್ಟಳು. ನಾನೂ ಏನಾಯ್ತು ಅಂತ ಕೇಳಿರಲಿಲ್ಲ.

ಊರಿಗೆ ಹೆಸರು ತಂದವರು ಫೆಲಿಟ್ಸಿಯಾ ತ್ಸುರಿವೋವಾ ಎಂಬ ರೈತ ಹೆಂಗಸು. 1904ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡರು. ಅವರ ಮನೆ ಈಗ ಮ್ಯೂಸಿಯಂ. ಒಳಗೆ ಗೋಡೆ, ಒಲೆ, ಕಣ್ಣು ಬಿದ್ದಲ್ಲೆಲ್ಲ ಹೂವು. ನನಗೆ ಸ್ವಲ್ಪ ಅತಿಯಾಯಿತು ಅನ್ನಿಸಿತು. ನಮ್ಮಾಕೆ ಒಪ್ಪಲಿಲ್ಲ.

ನೋಡಲು ಜನ ಬರುತ್ತಾರೆ ನಿಜ. ಅದರಿಂದ ಚಿತ್ರ ಉಳಿಯಿತೇ? ನನಗೆ ಹಾಗೆ ಕಾಣಲಿಲ್ಲ. ಉಳಿಸಿದ್ದು ಒಂದು ಪಂದ್ಯ. ಮಹಾಯುದ್ಧ ಮುಗಿದ ಮೂರು ವರ್ಷಕ್ಕೆ, 1948ರಲ್ಲಿ, ಒಳ್ಳೆಯ ಚಿತ್ರದ ಮನೆಗೆ ಬಹುಮಾನ ಅಂತ ಶುರು ಮಾಡಿದರು. ಇವತ್ತಿಗೂ ಬೇಸಿಗೆ ಮೊದಲಲ್ಲಿ ಅವರದೊಂದು ದೊಡ್ಡ ಹಬ್ಬ ಮುಗಿದ ವಾರಕ್ಕೆ ತೀರ್ಪುಗಾರರು ಮನೆ ಮನೆಗೆ ಬರುತ್ತಾರೆ. ಅಷ್ಟರೊಳಗೆ ಮಳೆಗೆ ತೊಳೆದುಹೋದದ್ದು, ಬಿಸಿಲಿಗೆ ಮಾಸಿದ್ದು ಎಲ್ಲ ತಿದ್ದಬೇಕು. ಪಕ್ಕದ ಮನೆಯಾಕೆ ಬರೆದು ಮುಗಿಸಿದ್ದಾಳೆ, ನಮ್ಮದಿನ್ನೂ ಆಗಿಲ್ಲ! ಬಹುಮಾನಕ್ಕಿಂತ ಈ ಕಳವಳ ದೊಡ್ಡದು. ಬಿತ್ತನೆಗೆ ಹದ ಹೇಗೋ ಹಾಗೆ ಚಿತ್ರಕ್ಕೂ ಒಂದು ದಿನ ಗೊತ್ತಾಗಿದೆ. ನಮ್ಮಲ್ಲಿ ಪ್ರವಾಸಿಗರನ್ನು ಕರೆತರುತ್ತೇವೆ ಅನ್ನುವವರು ಮೊದಲು ಬೋರ್ಡು ಬರೆಸುತ್ತಾರೆ.

ಒಂದು ಮನೆ ಅಂಗಳದಲ್ಲಿ ಕೂತಿದ್ದ ಮುದುಕಿಯ ಹತ್ತಿರ ಅಳಿಯ ಅರೆಬರೆ ಭಾಷೆಯಲ್ಲಿ ಮಾತಾಡಿದ. ಬರೆಯಲು ಮೊಮ್ಮಗಳಿಗೆ ಬರುತ್ತಂತೆ, ಆದರೆ ಅವಳಿರುವುದು ಪಟ್ಟಣದಲ್ಲಂತೆ. ನಮ್ಮಾಕೆ ಕಾಲಬುಡದ ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಎಳೆ ಬಳ್ಳಿ ಬರೆದು ತೋರಿಸಿದಳು. ಮುದುಕಿ ಕಡ್ಡಿ ಇಸಕೊಂಡು ಅದರ ತುದಿಗೆ ಹೂವು ಬರೆದಳು. ಭಾಷೆ ಬೇಕಾಗಲಿಲ್ಲ.

ಊರಿಗೆ ಬಂದಾಗ ನಮ್ಮ ಹಳೇಮನೆಯದೇ ಮಾತು. ಮಣ್ಣಿನ ಗೋಡೆ, ಬೇವಿನ ಕಂಬದ ಆರಂಕಣದ ಮನೆ ಅದು. ಕೆಡವಿ ಗೊಬ್ಬರ, ಮೇವಿಗೆ ಶೆಡ್ ಹಾಕೋಣ ಅಂತ ತಮ್ಮ. ಅವನದು ತಪ್ಪು ಅನ್ನಲಾರೆ, ಮಾಳಿಗೆ ಎರಡು ಕಡೆ ಸೋರುತ್ತೆ, ತೊಲೆಗೆ ಗೆದ್ದಲು ಹಿಡಿದಿದೆ. ರಿಪೇರಿಗೆ ಬೀಳುವ ದುಡ್ಡು ಯಾವ ಪ್ರವಾಸಿ ಕೊಡುತ್ತಾನೆ? ದೀಪಾವಳಿಗೆ ನಾಲ್ಕು ದಿನ ಇರುವಾಗ ನಮ್ಮಾಕೆ ಯಾರಿಗೂ ಹೇಳದೆ ಕೆರೆ ಅಂಗಳದಿಂದ ಒಂದು ಪುಟ್ಟಿ ಕೆಮ್ಮಣ್ಣು ತಂದು ನೆನೆಹಾಕಿದಳು. ಮುಂಬಾಗಿಲ ಗೋಡೆಗೆ ಸುಣ್ಣ, ಬುಡಕ್ಕೆ ಕಾರಣೆ, ಮೇಲೆ ನವಿಲು, ಬಳ್ಳಿ. ಬಳ್ಳಿ ತುದಿಗೆ ಮಾತ್ರ ನಮ್ಮ ಕಡೆ ಎಲ್ಲೂ ಇಲ್ಲದ ದಪ್ಪ ಹೂವು.

ತಮ್ಮ ನೋಡಿ, "ಅತ್ತಿಗೆ, ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗಿದೆ" ಅಂದ. ಇವಳು ಮಾತಾಡಲಿಲ್ಲ. ಸಂಜೆ ನಾನೇ ಹೋಗಿ ದುಡ್ಡು ವಾಪಸು ಕೇಳಿದೆ. ಇನ್ನೂ ಕೊಟ್ಟಿಲ್ಲ.